ಕಡಲೆಹುಳಿ ಕುಡಿದ ಮಶೀನು

ಆ ಕಾಲದಲ್ಲಿ ನಮ್ಮೂರಿನ ತುಕ್ಕಿಗೂ ಒಂದು ಮರ್ಯಾದೆ ಇತ್ತು. ಮಳೆಗಾಲದಲ್ಲಿ ಕುಡಗೋಲಿಗೆ ಬರುತ್ತಿತ್ತು, ಸುಗ್ಗಿಯ ಹೊತ್ತಿಗೆ ಕಲ್ಲಿನ ಮೇಲೆ ನಾಲ್ಕು ಸಲ ಮಸೆದರೆ ಹೋಗುತ್ತಿತ್ತು. ಬಾವಿಯ ಗಾಲಿ ಕಿರುಗುಟ್ಟತೊಡಗಿದರೆ ಯಾರಾದರೂ ಒಂದಿಷ್ಟು ಕುಸುಬಿ ಎಣ್ಣೆ ಬಿಟ್ಟು ಬರುತ್ತಿದ್ದರು. ಅಲ್ಲಿಗೆ ಮುಗಿಯಿತು. ತುಕ್ಕಿನ ಸಲುವಾಗಿ ತಲೆ ಕೆಡಿಸಿಕೊಂಡವರು ಊರಿನಲ್ಲಿ ಯಾರೂ ಇರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಅದೂ ಹತ್ತು ವರ್ಷದವಳು, ಅದೂ ಬಟ್ಟೆ ಒಗೆಯುವ ಒಂದು ಮಶೀನಿನ ಸಲುವಾಗಿ. ಎಪ್ಪತ್ತರ ದಶಕದಲ್ಲಿ, ನವಲಗುಂದ ತಾಲೂಕಿನ ಹಳ್ಳಿಯಲ್ಲಿ, ಬಟ್ಟೆ ಒಗೆಯುವ ಮಶೀನೇ ಎಂದು ಈಗಿನವರು ನಗುತ್ತಾರೆ. ನಗಲಿ. ನನಗಂತೂ ಆ ಚಳಿಗಾಲವನ್ನು ನೆನೆದರೆ ಇವತ್ತಿಗೂ ಮೊದಲು ಬರುವುದು ಸಿಟ್ಟೇ.

ನಮ್ಮ ಕಡೆಯ ನೀರಿನ ಸಂಗತಿ ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೊರಬ ಊರಿನ ಆಚೆಗಿದ್ದ ನಮ್ಮೂರಿನ ಕೆರೆ ಕುಡಿಯುವುದಕ್ಕೆ ಮಾತ್ರ. ಅದರ ದಂಡೆಗೆ ಚಪ್ಪಲಿ ಮೆಟ್ಟಿಕೊಂಡು ಹೋದರೂ ಹಿರಿಯರು ಬೈಯುತ್ತಿದ್ದರು, ಇನ್ನು ಬಟ್ಟೆ ಒಗೆಯುವ ಮಾತೆಲ್ಲಿ. ಹಿತ್ತಲಿನ ಬಾವಿಯ ನೀರು ಸವಳು. ನಾಲಿಗೆಗೆ ಉಪ್ಪುಪ್ಪು. ಅದರಲ್ಲಿ ಸಬಕಾರ ತಿಕ್ಕಿದರೆ ನೊರೆ ಬರುವ ಬದಲು ಹಾಲು ಒಡೆದಂತೆ ಬಿಳಿ ಗಸಿ ಕಟ್ಟುತ್ತಿತ್ತು. ಹಾಗಾಗಿ ಊರಿನ ಹೆಂಗಸರೆಲ್ಲ ಗಂಟು ಹೊತ್ತುಕೊಂಡು ಮೈಲಿ ದೂರದ ಹಳ್ಳಕ್ಕೆ ಹೋಗುತ್ತಿದ್ದರು.

ನಮ್ಮದು ಹನ್ನೊಂದು ಮಂದಿಯ ಮನೆ. ಅವ್ವ ಒಬ್ಬಳೇ ಸೊಸೆ. ಎರೆಮಣ್ಣಿನ ಕೆಸರು ಹತ್ತಿದ ಬಟ್ಟೆ ಸುಮ್ಮನೆ ಬಿಳಿ ಆಗುವುದಿಲ್ಲ, ಮುಷ್ಟಿ ಮುಷ್ಟಿ ಸೋಡಾ ಬೇಕು. ಆ ಸೋಡಾ ಕೆಸರನ್ನೂ ತಿನ್ನುತ್ತಿತ್ತು, ಅವ್ವನ ಕೈಯನ್ನೂ ತಿನ್ನುತ್ತಿತ್ತು. ಬೆರಳಿನ ಗೆಣ್ಣುಗಳಲ್ಲಿ ಸೀಳು ಬಿಟ್ಟು ರಕ್ತ ಜಿನುಗುತ್ತಿತ್ತು. ಖಾರ ಕುಟ್ಟಿದ ದಿನ ಅವಳು ನನ್ನ ಜಡೆ ಹಾಕುತ್ತಿರಲಿಲ್ಲ, ಕೂದಲು ತಾಗಿದರೂ ಉರಿಯುತ್ತದೆ ಎನ್ನುತ್ತಿದ್ದಳು. ಔಡಲೆಣ್ಣೆ ಹಚ್ಚಿ, ಹಳೆ ಧೋತರದ ಚಿಂದಿ ಸುತ್ತಿಕೊಂಡು ಮಲಗುತ್ತಿದ್ದಳು. ರೊಟ್ಟಿ ಬಡಿಯುವಾಗ ಅವಳು ಹಲ್ಲು ಕಚ್ಚಿಕೊಳ್ಳುವುದನ್ನು ನಾನು ಒಲೆಯ ಮುಂದೆ ಕೂತು ನೋಡುತ್ತಿದ್ದೆ.

ಇಷ್ಟಾದರೂ ಹಳ್ಳಕ್ಕೆ ಹೋಗುವ ಗುರುವಾರ, ರವಿವಾರ ಬಂದರೆ ಅವ್ವನ ಮುಖದ ಕಳೆಯೇ ಬೇರೆ. ಕಾರಣ ಚಿಗವ್ವ. ಅವ್ವನ ಒಬ್ಬಳೇ ತಂಗಿಯನ್ನು ಹಳ್ಳದ ಆಚೆ ದಂಡೆಯ ಊರಿಗೆ ಕೊಟ್ಟಿದ್ದರು. ಇಷ್ಟು ಹತ್ತಿರ ಇದ್ದರೂ ಒಬ್ಬರ ಮನೆಗೆ ಒಬ್ಬರು ಹೋಗುವ ಹಾಗಿರಲಿಲ್ಲ. ಚಿಗವ್ವನ ಮಾವ ನಮ್ಮಪ್ಪನಿಗೆ ಒಂದು ಎತ್ತು ಮಾರಿದ್ದ. ಆ ಪುಣ್ಯಾತ್ಮ ಎತ್ತು ನೊಗ ಹೆಗಲಿಗೆ ಬಿದ್ದ ಕೂಡಲೇ ಮಲಗಿಬಿಡುತ್ತಿತ್ತು. ಗೊತ್ತಿದ್ದೇ ದಾಟಿಸಿದಿರಿ ಎಂದು ನಮ್ಮವರು, ನಿಮಗೆ ಎತ್ತು ಹೂಡಲಿಕ್ಕೆ ಬರುವುದಿಲ್ಲ ಎಂದು ಅವರು. ಒಂದು ಸೋಮಾರಿ ಎತ್ತಿನ ಸಲುವಾಗಿ ಎರಡು ಮನೆಗಳ ಹೊಸ್ತಿಲು ಬಂದ್ ಆಯಿತು. ಅಕ್ಕತಂಗಿಯರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಆದರೆ ಬಟ್ಟೆ ಒಗೆಯಬೇಡ ಎಂದು ಯಾರು ಹೇಳಿಯಾರು? ಅವ್ವ ಈಚೆ ದಂಡೆಯಲ್ಲಿ, ಚಿಗವ್ವ ಆಚೆ ದಂಡೆಯಲ್ಲಿ ಕಲ್ಲು ಹಿಡಿಯುತ್ತಿದ್ದರು. "ಅಕ್ಕಾ, ಏನ ಪಲ್ಯ ತಂದೀದಿ?" "ಪುಂಡಿಪಲ್ಯಬೇ. ನೀ?" ಎಂದು ನೀರಿನ ಮೇಲೇ ಕೂಗಾಟ. ಬಟ್ಟೆ ಹರವಿದ ಮೇಲೆ ಚಿಗವ್ವ ಮೊಣಕಾಲು ನೀರಿನಲ್ಲಿ ದಾಟಿ ಬರುತ್ತಿದ್ದಳು. ಸಜ್ಜಿ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು. ನಾನು ಮರಳಿನಲ್ಲಿ ಗಜಗ ಆಡುತ್ತಾ ಅವರ ಮಾತು ಕೇಳುತ್ತಿದ್ದೆ. ಅವರ ಅಪ್ಪ ಅವ್ವ ತೀರಿಹೋಗಿ ತವರಿನ ಬಾಗಿಲಿಗೆ ಬೀಗ ಬಿದ್ದಿತ್ತು, ಒಬ್ಬನೇ ತಮ್ಮ ಶಿವಪ್ಪ ಮಾಮಾ ಮುಂಬಯಿಯ ಗೋದಾಮೊಂದರಲ್ಲಿ ಕೆಲಸಕ್ಕಿದ್ದ. ಆ ಹಳ್ಳವೇ ಇಬ್ಬರಿಗೂ ತವರುಮನೆ.

ಆ ವರ್ಷದ ಪಂಚಮಿಗೆ ಮಾಮಾ ಊರಿಗೆ ಬಂದ. ಎಳ್ಳುಂಡಿ ಕೊಡಲು ಚಾಚಿದ ಅವ್ವನ ಕೈ ನೋಡಿ ಅವನ ಮುಖ ಇಳಿಯಿತು.

"ಅಕ್ಕಾ, ಕೈ ಏನಾಗ್ಯಾವಬೇ ಇವು?"

"ಏನಾಗಿಲ್ಲಪಾ, ಸೋಡಾ ಹತ್ತೇತಿ ಅಷ್ಟ."

ಪಡಸಾಲೆಯಲ್ಲಿ ಹತ್ತಿ ಬಿಡಿಸುತ್ತಿದ್ದ ಆಯಿ, ಅಂದರೆ ನಮ್ಮಪ್ಪನ ತಾಯಿ, ತಲೆ ಎತ್ತದೆ ಹೇಳಿದಳು: "ನಾವೂ ಒಗದೇವಪಾ. ನಮ್ಮ ಕೈ ಏನ ಕಟಿಗೀವ ಇದ್ದೂ?"

ಮಾಮಾ ಎಳ್ಳುಂಡಿ ಕಟ್ಟಿಸಿಕೊಂಡು ಮುಂಬಯಿಗೆ ಮರಳಿದ. ಆದರೆ ಮಹಾನವಮಿಗೆ ಎರಡು ದಿನ ಮೊದಲು ಅವನು ಮತ್ತೆ ಬಂದ, ಹತ್ತಿಕಾಳಿನ ಲಾರಿಯ ಮೇಲೆ, ಗೋಣಿತಟ್ಟು ಸುತ್ತಿದ ಒಂದು ಎದೆಯೆತ್ತರದ ವಸ್ತುವಿನ ಜೊತೆ. ಮುಂಬಯಿ ಬಿಟ್ಟು ತಮ್ಮ ದೇಶಕ್ಕೆ ಹೊರಟ ಯಾರೋ ಬಿಳಿಯರ ಸಾಮಾನಿನ ಹರಾಜಿನಲ್ಲಿ ಹಿಡಿದನಂತೆ. ಗೋಣಿ ಬಿಚ್ಚಿದರೆ ನಾಲ್ಕು ಕಾಲಿನ ಮೇಲೆ ನಿಂತ ಬೆಳ್ಳನೆಯ ದುಂಡು ಡ್ರಮ್ಮು. ಕೆಳಗೆ ಮೋಟಾರು, ಒಳಗೆ ತಿರುಗುವ ರೆಕ್ಕೆ, ಮೇಲೆ ಒಂದರ ಮೇಲೊಂದು ಎರಡು ರಬ್ಬರಿನ ಉರುಳೆ. ಹಿಡಿಕೆ ತಿರುವಿದರೆ ಒದ್ದೆ ಬಟ್ಟೆ ಉರುಳೆಗಳ ನಡುವೆ ತೂರಿ ಹಪ್ಪಳದ ಹಾಗೆ ಹೊರಗೆ ಬರುತ್ತಿತ್ತು. ನಾನು ಮೊದಲು ಹಾಕಿದ್ದು ತಮ್ಮನ ಚೊಣ್ಣ. ಅದರ ಗುಂಡಿ ಚೂರುಚೂರಾಯಿತು.

ಆಯಿ ಮಶೀನಿನ ಸುತ್ತ ಎರಡು ಸುತ್ತು ಬಂದಳು. ಬೆರಳಿನ ಗೆಣ್ಣಿನಿಂದ ಟಣ್ ಟಣ್ ಎಂದು ಬಡಿದಳು. "ಪಿಂಗಾಣಿ ಐತಿ" ಎಂದು ತೀರ್ಪು ಕೊಟ್ಟಳು. "ನಮ್ಮ ಉಪ್ಪಿನಕಾಯಿ ಭರಣಿ ಇಲ್ಲೇನ, ಅಗದೀ ಹಂತಾದ್ದ." ಮಾಮಾ ಬಾಯಿ ತೆರೆಯುವಷ್ಟರಲ್ಲಿ ಆಯಿ ಅರಿಷಿಣ ಕುಂಕುಮ ತರಲು ಒಳಗೆ ಹೋಗಿದ್ದಳು. ಹಿರಿಯರ ಮಾತು ತಿದ್ದುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಆ ಒಂದು ಮಾತನ್ನು ಆವತ್ತೇ ಯಾರಾದರೂ ತಿದ್ದಿದ್ದರೆ ಏನಾಗುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಖಂಡೇಪೂಜೆಯ ದಿನ ಕುಡಗೋಲು, ಕೊಡಲಿ, ಕುಂಟೆಗಳ ಸಾಲಿಗೆ ಮಶೀನೂ ಸೇರಿತು. ಐದು ಬೆರಳಿನ ವಿಭೂತಿ, ಚೆಂಡು ಹೂವಿನ ಮಾಲೆ. ಹೊಸ ಬಂಡಿ ತಂದರೆ ಗಾಲಿಯ ಕಬ್ಬಿಣದ ಹಳಿಗೇ ಕಾಯಿ ಒಡೆಯುವುದು ನಮ್ಮ ಮನೆಯ ಪದ್ಧತಿ. ಆಯಿ ಹೇಳಿದ ಮೇಲೆ ಅಪ್ಪ ಹಿಂದೆಮುಂದೆ ನೋಡುವವನೇ? ತೆಂಗಿನಕಾಯಿ ಎತ್ತಿ ಡ್ರಮ್ಮಿನ ಅಂಚಿಗೆ ಬಾರಿಸಿದ. "ಅಯ್ಯ ಅಯ್ಯ, ಭಾವಾರ!" ಎಂದು ಮಾಮಾ ಕೂಗಿದ್ದು ಕಾಯಿ ಒಡೆದ ಮೇಲೆ. ಬಿಳಿ ಲೇಪ ರೂಪಾಯಿಯಷ್ಟಗಲ ಸಿಡಿದು ಕರಿ ಕಬ್ಬಿಣ ಕಂಡಿತು. ಒಳಗೂ ಒಂದು ಗೆರೆ ಸೀಳಿತು. ಆ ಗಾಯದ ಮೇಲೆ ಕಾಯಿನೀರು ಹರಿಯಿತು. ಆಯಿ ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟಳು.

ಆದರೂ ಹೇಳಬೇಕು, ಮಶೀನು ದುಡಿಯಿತು. ಅಪ್ಪ ಪಡಸಾಲೆಯ ಪ್ಲಗ್ಗಿನಿಂದ ವೈರು ಎಳೆದ. ಸವಳು ನೀರಿನಲ್ಲೇ ಸೋಡಾ ಹೆಚ್ಚು ಹಾಕಿ ತಿರುವಿದರೆ ಬಟ್ಟೆ ಪೂರ್ತಿ ಬಿಳಿ ಅಲ್ಲದಿದ್ದರೂ ಮಾನಮರ್ಯಾದೆಗೆ ಸಾಕಾಗುವಷ್ಟು ಆಗುತ್ತಿತ್ತು. ದೀಪಾವಳಿಗೆ ಅವ್ವನ ಬೆರಳಿನ ಸೀಳು ಮುಚ್ಚಿದವು. ಹಬ್ಬದ ದಿನ ಅವಳು ನನಗೆ ಎಣ್ಣೆ ಹಚ್ಚಿ ಎರೆದಾಗ ತಲೆಯ ಮೇಲೆ ಅವಳ ಅಂಗೈ ನುಣ್ಣಗೆ ಹರಿದಾಡಿತು. ನನಗಾದ ಸಂತೋಷಕ್ಕೆ ಬಚ್ಚಲಲ್ಲೇ ಕುಣಿದು ಬೈಸಿಕೊಂಡೆ.

ಹಳ್ಳ ಮಾತ್ರ ನಿಂತುಹೋಯಿತು. "ಮನ್ಯಾಗ ಮಶೀನ ಇಟಗೊಂಡು ಗಂಟ ಹೊತಗೊಂಡು ಹೋದ್ರ ಮಂದಿ ಏನಂದಾರು?" ಎಂದಳು ಆಯಿ. ಅವ್ವ ಒಮ್ಮೆ ಮೆಲ್ಲಗೆ ಕೇಳಿದಳು, "ಅತ್ತೀ, ಕೌದಿ ಅದರಾಗ ಹಿಡಿಯೂದಿಲ್ರಿ. ಕೌದಿ ಅಷ್ಟ ಹಳ್ಳಕ್ಕ ಒಯ್ಯಲೇನ್ರಿ?"

"ಹಿಡೀತಾವ. ನೆಟ್ಟಗ ತುರುಕು."

ಮಹಾನವಮಿಗೆ ಮುಂಚಿನ ರವಿವಾರ, ನಾವು ಕೊನೆಯ ಸಲ ಹಳ್ಳಕ್ಕೆ ಹೋದಾಗ, ಚಿಗವ್ವ ಅವ್ವನ ಕಿವಿಯಲ್ಲಿ ಒಂದು ಮಾತು ಹೇಳಿದ್ದಳು. ಎರಡು ಸಲ ಬಸಿರು ಇಳಿದುಹೋಗಿದ್ದ ಅವಳಿಗೆ ಈಗ ನಾಲ್ಕು ತಿಂಗಳು. ನಮ್ಮಲ್ಲಿ ಏಳನೆಯ ತಿಂಗಳಿಗೆ ತವರಿನವರು ಬಸುರಿಗೆ ಹಸಿರು ಕುಬಸ ತೊಡಿಸಿ, ಬಳೆ ಇಡಿಸಿ, ಉಡಿ ತುಂಬಬೇಕು. "ನನಗ ಯಾರ ಕುಬಸ ಮಾಡತಾರಬೇ ಅಕ್ಕಾ?" ಎಂದು ಚಿಗವ್ವ ಕಣ್ಣು ಒರೆಸಿಕೊಂಡಿದ್ದಳು. "ನಾ ಸತ್ತೇನೇನ? ನಾ ಮಾಡತೀನಿ" ಎಂದಿದ್ದಳು ಅವ್ವ. ಆಮೇಲೆ ಮಶೀನು ಬಂತು. ಆ ಮಾತು ಹಾಗೆಯೇ ಉಳಿಯಿತು. ನಾನು ಅದನ್ನು ಮರೆತೂ ಬಿಟ್ಟೆ, ಯಾಕೆಂದರೆ ನನಗೆ ಆಗ ಇದ್ದದ್ದು ಒಂದೇ ಚಿಂತೆ, ತುಕ್ಕು.

ಕಾಯಿ ಒಡೆದ ಜಾಗದಲ್ಲಿ ಅದು ಮೊದಲು ಕಾವಿ ಬಣ್ಣದ ಚುಕ್ಕೆಯಾಗಿ ಬಂತು. ವಾರದಲ್ಲಿ ಸುತ್ತಲಿನ ಬಿಳಿ ಲೇಪ ಉಬ್ಬಿ ಹಕ್ಕಳೆ ಏಳತೊಡಗಿತು. ಅಪ್ಪನ ಧೋತರದ ಮೇಲೆ ಚಹಾದ ಬಣ್ಣದ ಕಲೆಗಳು ಬಿದ್ದವು, ಅವನು ಪಂಚಾಯಿತಿಗೆ ಹೋಗುವಾಗ ಕಲೆ ಒಳಗೆ ಬರುವ ಹಾಗೆ ನೆರಿಗೆ ಹಿಡಿಯುತ್ತಿದ್ದ. ನಾನು ಶಾಲೆಯಿಂದ ಬಂದವಳೇ ಸೀಮೆಎಣ್ಣೆಯ ಚಿಂದಿ ಹಿಡಿದು ತಿಕ್ಕುತ್ತಿದ್ದೆ. ಒಣಗಿಸಿ ಇಟ್ಟು ಹೋದರೆ ಆಯಿ, ಮಂದಿಯ ದೃಷ್ಟಿ ತಾಗೀತೆಂದು ಅದರ ಮೇಲೆ ಒದ್ದೆ ಕೌದಿ ಹೊದಿಸಿರುತ್ತಿದ್ದಳು. ನಾನು ತೆಗೆಯುವುದು, ಅವಳು ಹೊದಿಸುವುದು. ಬೀಗರು ಬಿಜ್ಜರು ಬಂದರಂತೂ ಮುಗಿಯಿತು, ಹಿತ್ತಾಳೆ ಕೊಡ ಬೆಳಗಿದ ಹಾಗೆ ಹುಣಸೆಹಣ್ಣು, ಉಪ್ಪು, ಬೂದಿ ಹಚ್ಚಿ ಮಶೀನನ್ನು ಬೆಳಗಿಸುತ್ತಿದ್ದಳು. ಅಪ್ಪನಿಗೆ ಹೇಳಿದರೆ ಅವನು ಬಂಡಿಗೆ ಬಳಿದು ಉಳಿದಿದ್ದ ಡಾಂಬರು ತಂದು ಅಂಚಿಗೆ ಮೆತ್ತಿದ. ಮರುದಿನ ಆಯಿಯ ಹೊಸ ಸೀರೆಗೆ ಡಾಂಬರು. ಆ ಮನೆಯಲ್ಲಿ ಕಬ್ಬಿಣದ ಬುದ್ಧಿ ತಿಳಿದವರು ಒಬ್ಬರೂ ಇರಲಿಲ್ಲ ಎಂದು ನಾನು ದಿನಾ ಕೂಗಾಡುತ್ತಿದ್ದೆ, ದಿನಾ ಬೈಸಿಕೊಳ್ಳುತ್ತಿದ್ದೆ.

ಕಾರ್ತಿಕದಲ್ಲಿ ಕಲಾಯಿ ಹಾಕುವ ಹುಸೇನಿ ಕಾಕಾ ಬಂದ. ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ತವರ ಬಳಿಯುವುದು ಅವನ ಕಸುಬು. ಬೇವಿನ ಮರದ ಕೆಳಗೆ ತಿದಿ ಹೂತು, ನವಸಾಗರದ ಮೂಗು ಉರಿಯುವ ಹೊಗೆ ಎಬ್ಬಿಸಿ ಕೂತಿದ್ದವನನ್ನು ನಾನು ಕೈ ಹಿಡಿದು ಒಳಗೆ ಎಳೆದು ತಂದೆ. ಅವನು ಡ್ರಮ್ಮಿನಲ್ಲಿ ತಲೆ ಹಾಕಿ ನೋಡಿ, ಉಗುರಿನಿಂದ ಒಂದು ಹಕ್ಕಳೆ ಕಿತ್ತ. ಅವ್ವ ಮಗ್ಗುಲಲ್ಲೇ ಕಾಳು ಹಸನು ಮಾಡುತ್ತ ಕೂತಿದ್ದಳು. ಆಯಿ ಮಠಕ್ಕೆ ಹೋಗಿದ್ದಳು.

"ಇದು ಪಿಂಗಾಣಿ ಅಲ್ರಿ ಅಕ್ಕಾರ" ಎಂದ ಅವನು. "ಒಳಗ ಎಲ್ಲಾ ಕಬ್ಬಿಣ. ಮ್ಯಾಲೆ ಬರೇ ಈ ಬಿಳೇ ಪಾಪಡ. ಪಾಪಡ ಹೋತಂದ್ರ ಜಂಗ, ಇದ ತುಕ್ಕ, ತಿಂದ ಹಾಕತೈತಿ."

"ಕಲಾಯಿ ಹಾಕ ಕಾಕಾ" ಎಂದೆ ನಾನು.

"ಇದಕ್ಕ ಹತ್ತೂದಿಲ್ಲವಾ. ಒಂದ ಮಾತ ನೆಪ್ಪಿಡು. ಒಣಗಸಿ ಇಡ್ರಿ, ಎಣ್ಣಿ ಒರಸ್ರಿ, ವರ್ಷಾನಗಟ್ಟಲೆ ಬರತೈತಿ. ಆದ್ರ ಹುಳಿ ಮುಟ್ಟಸಬ್ಯಾಡ್ರಿ. ಹುಳಿ ಬಿತ್ತಂದ್ರ ವಾರದಾಗ ತಳಾ ತೂತ."

ಅವ್ವ ಮೊರ ಕೆಳಗಿಟ್ಟು ಕೇಳಿದಳು: "ಯಾ ಹುಳೀರಿ, ಕಾಕಾ?"

"ಯಾವದರ ಆಗಲ್ರಿ. ಹುಣಸೀಹುಳಿ, ನಿಂಬಿಹುಳಿ, ಕಡ್ಲಿಹುಳಿ. ಹುಳಿಗೆ ಕಬ್ಬಿಣ ಅಂದ್ರ ಸಕ್ಕರಿ."

ನಾನು ಅವತ್ತಿನಿಂದ ಹುಣಸೆಹಣ್ಣಿನ ಗಡಿಗೆಯನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಅವ್ವ ನೋಡಿಯೂ ನೋಡದ ಹಾಗೆ ಇದ್ದಳು. ಅವಳೂ ನನ್ನ ಪಕ್ಷ ಎಂದುಕೊಂಡು ನಾನು ಖುಷಿಪಟ್ಟೆ.

ಪುಷ್ಯ ಮಾಸ ಬಂತು. ಎರೆ ಹೊಲದ ಕಡಲೆ ಗಿಡದ ಮೇಲೆ ಬೀಳುವ ಇಬ್ಬನಿ ಬರೀ ನೀರಲ್ಲ, ಎಲೆಯ ಹುಳಿಯನ್ನು ಹೀರಿಕೊಂಡು ನಾಲಿಗೆ ಚುರುಗುಟ್ಟುವ ಹಾಗೆ ಆಗಿರುತ್ತದೆ. ಬೆಳಗಿನ ಜಾವ ಸೂರ್ಯ ಏಳುವ ಮೊದಲು ತೆಳು ಬಟ್ಟೆಯನ್ನು ಗಿಡಗಳ ಮೇಲೆ ಎಳೆದು, ಅದು ಹೀರಿದ್ದನ್ನು ಹಿಂಡಿ ಬಾಟಲಿಯಲ್ಲಿ ಇಡುತ್ತಾರೆ. ಹೊಟ್ಟೆನೋವಿಗೆ, ಅಜೀರ್ಣಕ್ಕೆ ನಮ್ಮ ಕಡೆ ಅದೇ ಮದ್ದು. ಊರಿಗೆಲ್ಲ ಕಡಲೆಹುಳಿ ಕೊಡುವ ವೈದ್ಯೆ ನಮ್ಮ ಆಯಿಯೇ. ನಸುಕಿನಲ್ಲಿ ಹೊಲಕ್ಕೆ ಹೋಗಿ, ಮೂರು ಒದ್ದೆ ಧೋತರ ಹೆಗಲ ಮೇಲೆ ಹಾಕಿಕೊಂಡು, ನಡುಗುತ್ತಾ ಬರುತ್ತಿದ್ದಳು. ಆ ವರ್ಷ ಅವಳ ಮಣಿಕಟ್ಟಿಗೆ ವಾತ ಹಿಡಿದು ಹಿಂಡಲು ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಒಲೆಯ ಮುಂದೆ ಹಲ್ಲುಜ್ಜುತ್ತ ಕೂತಾಗ ಅವ್ವನ ದನಿ ಕೇಳಿಸಿತು.

"ಅತ್ತೀ, ಯಾಕ ಕೈ ನೋಯಸಗೋತೀರಿ? ಆ ಮಶೀನದ ಉರುಳಿ ಒಳಗ ಹಾಕಿ ಹಿಂಡೂಣೇನ್ರಿ? ಒಂದ ಹನಿ ಉಳಿಯೂದಿಲ್ಲ ನೋಡ್ರಿ."

ಆಯಿಗೂ ಅನುಮಾನ ಬಂತು. "ಹುಳಿ ಐತಲ್ಲಬೇ. ಕಲಾಯಿ ಇಲ್ಲದ ಭಾಂಡೇದಾಗ ಹುಳಿ ಹಾಕಿದ್ರ ಕಿಲಬ ಏಳತೈತಿ."

"ನೀವ ಹೇಳೀರಲ್ರಿ, ಪಿಂಗಾಣಿ ಐತಿ ಅಂತ."

ತನ್ನ ಮಾತನ್ನೇ ಮುಂದಿಟ್ಟ ಮೇಲೆ ಆಯಿ ಏನು ಹೇಳಿಯಾಳು? "ಹೌದು ಮತ್ತ, ಪಿಂಗಾಣೀನ" ಎಂದಳು. ನಾನು ಬಾಯಲ್ಲಿ ಬೂದಿ ತುಂಬಿಕೊಂಡೇ ಓಡಿದೆ. "ಬ್ಯಾಡಬೇ! ಹುಸೇನಿ ಕಾಕಾ ಬ್ಯಾಡಂದಾನ, ತೂತ ಬೀಳತೈತಿ ಅಂದಾನ!"

"ಹಿರ್ಯಾರ ಮಾತಿನ್ಯಾಗ ಬಾಯಿ ಹಾಕಬ್ಯಾಡ, ಕಸ್ತೂರಿ" ಎಂದಳು ಅವ್ವ, ನನ್ನ ಮುಖ ನೋಡದೆ.

ಉರುಳೆಗಳ ನಡುವೆ ಧೋತರ ತೂರಿತು. ಹುಳಿ ಧಾರೆಯಾಗಿ ಡ್ರಮ್ಮಿನೊಳಗೆ ಸುರಿಯಿತು. ಕೈಯಲ್ಲಿ ಹಿಂಡಿದರೆ ಒಂದು ಬಾಟಲಿ ಬರುವಲ್ಲಿ ಎರಡು ಬಂತು. ಆಯಿಗೆ ಮಶೀನಿನ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು. ಕಸ ತಳಕ್ಕೆ ಇಳಿಯಲಿ ಎಂದು ಹುಳಿಯನ್ನು ದಿನವಿಡೀ ಅದರಲ್ಲೇ ಬಿಟ್ಟು ಸಂಜೆ ತುಂಬಿಕೊಳ್ಳತೊಡಗಿದಳು. ನಾಲ್ಕನೆಯ ದಿನಕ್ಕೆ ಹುಳಿ ಕೆಂಪಗೆ ಬಂತು. "ಈ ವರ್ಷದ ಹುಳಿ ಭಾಳ ಖಡಕ್ ಐತಿ, ಬಣ್ಣಾ ನೋಡ್ರಿ" ಎಂದು ಅದನ್ನೇ ಊರಿಗೆ ಹಂಚಿದಳು. ಯಾರ ಹೊಟ್ಟೆಗೂ ಏನೂ ಆಗಲಿಲ್ಲ. ಇಬ್ಬರಂತೂ ಇಂಥಾ ಗುಣ ಹಿಂದೆಂದೂ ಕಂಡಿರಲಿಲ್ಲ ಎಂದು ಇನ್ನೊಂದು ಬಾಟಲಿ ಒಯ್ದರು. ನಾನು ಡ್ರಮ್ಮಿನ ತಳ ಮುಟ್ಟಿ ನೋಡಿದರೆ ಬೆರಳಿಗೆ ಕೆಂಪು ರಾಡಿ ಬರುತ್ತಿತ್ತು. ಎಣ್ಣೆ ಒರೆಸಿದೆ, ಅತ್ತು ಕರೆದೆ, ಊಟ ಬಿಟ್ಟೆ. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹತ್ತನೆಯ ದಿನ ಒಂದು ರವಿವಾರ. ಅವ್ವ ಬಟ್ಟೆ ತುಂಬಿ, ಎಂಟು ಕೊಡ ನೀರು ಸುರಿದಳು. ಒಂಬತ್ತನೆಯ ಕೊಡಕ್ಕೆ ತಳ ಕಳಚಿತು. ಕೆಂಪು ನೀರು ಮೋಟಾರಿನ ಮೇಲೆ ಸುರಿದು, ಪಡಸಾಲೆಯಲ್ಲಿ ಹರಿದು, ಆಯಿಯ ಹತ್ತಿಯ ಬುಟ್ಟಿಯ ತನಕ ಹೋಯಿತು. ಬಟನ್ ಒತ್ತಿರಲಿಲ್ಲ, ಪುಣ್ಯ. ಅಪ್ಪ ಓಡಿಬಂದು ವೈರು ಕಿತ್ತ. ಆಯಿ ಮಶೀನನ್ನು ನೋಡಿದಳು, ನಮ್ಮನ್ನು ನೋಡಿದಳು. "ಹಾಳಾದ್ದು, ಹೆಸರಿಗಷ್ಟ ಫಾರಿನ್ ನೋಡ. ನಮ್ಮ ಭರಣಿ ಮೂವತ್ತ ವರ್ಷ ಆತು, ಹುಳಿ ತುಂಬೇನ ಐತಿ."

ನಾನು ಗೋಡೆಗೆ ಹಣೆ ಒತ್ತಿಕೊಂಡು ಅತ್ತೆ. ಅವ್ವ ಅಳಲಿಲ್ಲ, ಬೈಯಲಿಲ್ಲ. ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಗಂಟು ಕಟ್ಟಿದಳು.

"ಅತ್ತೀ, ಇವನ್ನ ಹಳ್ಳಕ್ಕ ಒಯ್ಯಬೇಕಾಗತೈತ್ರಿ."

"ಮತ್ತೇನ ಮಾಡೂದು, ಹೋಗಿ ಬಾ. ಬಿಸಿಲ ಏರೂದರಾಗ ಬಂದಬಿಡು."

ದಾರಿಯುದ್ದಕ್ಕೂ ಅವ್ವ ಎಷ್ಟು ಬಿರುಸಾಗಿ ನಡೆದಳೆಂದರೆ ನಾನು ಓಡಬೇಕಾಯಿತು. ಹಳ್ಳದ ಆಚೆ ದಂಡೆಯಲ್ಲಿ ಚಿಗವ್ವ ಇದ್ದಳು, ತುಂಬಿದ ಹೊಟ್ಟೆ ಸೀರೆಯ ಕೆಳಗೆ ಎದ್ದು ಕಾಣುತ್ತಿತ್ತು. ಮೂರು ತಿಂಗಳು ಪ್ರತಿ ಗುರುವಾರ, ಪ್ರತಿ ರವಿವಾರ ಅವಳು ಅದೇ ಕಲ್ಲಿಗೆ ಬಂದು ದಾರಿ ನೋಡಿ ಹೋಗುತ್ತಿದ್ದಳಂತೆ. ನಮ್ಮನ್ನು ಕಂಡವಳೇ ಕೈಯಲ್ಲಿದ್ದ ಬಟ್ಟೆಯನ್ನು ನೀರಿಗೆ ಬಿಟ್ಟುಬಿಟ್ಟಳು. ತೇಲಿ ಹೋಗುತ್ತಿದ್ದ ಅದನ್ನು ಇನ್ನೊಬ್ಬಳು ಹಿಡಿದಳು.

ಅವ್ವ ನೀರಿಗೆ ಇಳಿದು ಆಚೆ ದಂಡೆಗೆ ಹೋದಳು. ಒದ್ದೆ ಬಟ್ಟೆಯ ಗಂಟಿನ ನಡುವಿನಿಂದ ಇನ್ನೊಂದು ಸಣ್ಣ ಗಂಟು ಬಂತು. ಹಸಿರು ಕುಬಸದ ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಅಕ್ಕಿ, ಎಲೆಯಲ್ಲಿ ಸುತ್ತಿದ ಎಳ್ಳು ಹೋಳಿಗೆ. ಹೋಳಿಗೆ ನಿನ್ನೆಯವು. ಅಂದರೆ ತಳ ಕಳಚುವ ಮೊದಲೇ ಗಂಟು ಸಿದ್ಧವಾಗಿತ್ತು. ನನಗೆ ಆಗ ಹೊಳೆಯಿತು.

ಒಗೆಯುವ ಕಲ್ಲನ್ನು ತೊಳೆದು, ಅದರ ಮೇಲೆ ಚಿಗವ್ವನನ್ನು ಕೂಡಿಸಿದರು. ಎರಡೂ ದಂಡೆಯ ಹೆಂಗಸರು ಕೆಲಸ ಬಿಟ್ಟು ಬಂದು ಸುತ್ತ ನಿಂತರು, ಸೆರಗು ಮರೆ ಹಿಡಿದು ಕುಬಸ ತೊಡಿಸಿದರು. ಅವ್ವ ಬಳೆ ಇಡಿಸಿದಳು, ಉಡಿ ತುಂಬಿದಳು, ಹೋಳಿಗೆಯ ತುತ್ತು ಮುರಿದು ತಂಗಿಯ ಬಾಯಿಗೆ ಇಟ್ಟಳು. ಯಾರೋ ಸೋಬಾನೆ ಎತ್ತಿದರು. ಚಿಗವ್ವ ಅಳುತ್ತಾ ತಿಂದಳು, ತಿನ್ನುತ್ತಾ ನಕ್ಕಳು. ಅಲ್ಲಿದ್ದ ಮೂವತ್ತು ಹೆಂಗಸರಲ್ಲಿ ಒಬ್ಬಳೂ ಈ ಸುದ್ದಿಯನ್ನು ಎರಡೂ ಮನೆಗೆ ಮುಟ್ಟಿಸಲಿಲ್ಲ.

ನಾನು ಮಾತ್ರ ಬೂದಿ ಮುಚ್ಚಿದ ಕೆಂಡವಾಗಿದ್ದೆ. ಮರಳಿ ಬರುವಾಗ ದಾರಿಯಲ್ಲಿ ಸಿಡಿದೆ.

"ನಿನಗ ಗೊತ್ತಿತ್ತಲ್ಲಬೇ, ಹುಳಿ ಬಿದ್ರ ತೂತ ಆಗತೈತಿ ಅಂತ!"

"ಗೊತ್ತಿತ್ತು."

"ಮತ್ತ ಯಾಕ ಹಾಕಿಸಿದಿ? ನಾ ದಿನಾ ತಿಕ್ಕತಿದ್ದೆ, ನಿನ್ನ ಕೈ ಒಡೀಬಾರದಂತ ತಿಕ್ಕತಿದ್ದೆ."

ಅವ್ವ ನಿಂತಳು. ತಲೆಯ ಮೇಲಿನ ಗಂಟನ್ನು ಒಂದು ಕೈಯಿಂದ ಹಿಡಿದುಕೊಂಡು ಇನ್ನೊಂದರಿಂದ ನನ್ನ ಕೆನ್ನೆ ಒರೆಸಿದಳು. "ಕೈ ಒಡದರ ಔಡಲೆಣ್ಣಿ ಹಚ್ಚತೀನವಾ. ತಂಗಿಗೆ ಏನ ಹಚ್ಚಲಿ?"

ನಾನು ಮೂರು ದಿನ ಅವಳ ಜೊತೆ ಮಾತು ಬಿಟ್ಟೆ. ಯುಗಾದಿಯ ಹೊತ್ತಿಗೆ ಅವಳ ಬೆರಳುಗಳು ಮತ್ತೆ ಸೀಳಿದವು. ಚಿಗವ್ವನಿಗೆ ಗಂಡು ಮಗು ಆಯಿತು, ಉಳಿಯಿತು. ಮಾಮಾನಿಗೆ ಅವ್ವ ಹೇಳಿಸಿದ್ದು "ಸವಳ ನೀರಿಗೆ ಜಂಗ ಹಿಡದು ಹೋತು" ಎಂದು. ಪಾಪ, ಅವನು ಸಾಯುವ ತನಕ ನಮ್ಮೂರಿನ ನೀರನ್ನು ಬೈಯುತ್ತಿದ್ದ.

ದೊಡ್ಡವಳಾದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ, ಗುರಿ ಮಾತ್ರ ಬದಲಾಯಿತು. ಮೊದಲು ತುಕ್ಕಿನ ಮೇಲೆ ಇತ್ತು, ಆಮೇಲೆ ಆಯಿಯ ಮೇಲೆ, ಆಮೇಲೆ ಆ ಮಲಗುವ ಎತ್ತಿನ ಮೇಲೆ. ಕೊನೆಗೆ ಅವ್ವನ ಮೇಲೇ ಬಂತು. "ತಂಗಿಯನ್ನು ನೋಡಿ ಬರುತ್ತೇನೆ" ಎಂಬ ಒಂದು ಮಾತನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಅಷ್ಟು ದೊಡ್ಡ ಮಶೀನನ್ನು ಕೊಂದುಹಾಕುವುದು ಅವಳಿಗೆ ಸುಲಭವಾಗಿತ್ತು. ಅದು ಎಂಥಾ ಮನೆ, ಅದು ಎಂಥಾ ಕಾಲ!

ಈಗ ಎಲ್ಲವೂ ಸರಿಯಾಗಿದೆ. ನಳದಲ್ಲಿ ಸಿಹಿನೀರು ಬರುತ್ತದೆ. ಹಳ್ಳದ ಎರಡೂ ದಂಡೆಯ ಊರುಗಳಲ್ಲಿ ಮನೆಮನೆಗೆ ಮಶೀನುಗಳಿವೆ, ಒಳಗೆಲ್ಲ ಸ್ಟೀಲು, ತುಕ್ಕಿನ ಸುಳಿವಿಲ್ಲ. ನನ್ನ ತಮ್ಮನ ಮನೆಯಲ್ಲಿ ಅವ್ವ ಬಟ್ಟೆ ಮುಟ್ಟುವುದೇ ಇಲ್ಲ, ಅವಳ ಕೈಗಳು ಹತ್ತಿಯಷ್ಟು ಮೆತ್ತಗಾಗಿವೆ. ಎತ್ತಿನ ಜಗಳ ಮಾಡಿದ ಹಿರಿಯರೆಲ್ಲ ಮಣ್ಣಾಗಿ ಎಷ್ಟೋ ಕಾಲವಾಯಿತು. ಹಳ್ಳಕ್ಕೆ ಸೇತುವೆ ಆಗಿ ಚಿಗವ್ವನ ಊರು ಮೋಟರ್ ಸೈಕಲ್ ಮೇಲೆ ಹತ್ತು ನಿಮಿಷದ ದಾರಿ. ತಡೆಯುವವರು ಒಬ್ಬರೂ ಇಲ್ಲ. ಆದರೂ ಅಕ್ಕತಂಗಿ ವರ್ಷಕ್ಕೆ ಒಮ್ಮೆ ಭೇಟಿಯಾದರೆ ಹೆಚ್ಚಾಗಿತ್ತು, ಅದೂ ಯಾರದೋ ಮದುವೆಯಲ್ಲಿ. "ಹೋಗಿ ಬಾರಬೇ" ಎಂದು ನಾನು ಫೋನಿನಲ್ಲಿ ಒದರುತ್ತಿದ್ದೆ. "ಸುಮ್ಮಸುಮ್ಮನ ಹೆಂಗ ಹೋಗೂದವಾ? ಏನರ ಕೆಲಸ ಇರಬೇಕಲ್ಲ" ಎನ್ನುತ್ತಿದ್ದಳು.

ಹೋದ ಚಳಿಗಾಲದಲ್ಲಿ ಚಿಗವ್ವ ತೀರಿಕೊಂಡಳು. ಎರಡು ತಿಂಗಳಿಂದ ಉಣ್ಣುತ್ತಿರಲಿಲ್ಲವಂತೆ, ನಮಗೆ ಗೊತ್ತೇ ಇರಲಿಲ್ಲ. ಸುದ್ದಿ ಬೆಳಿಗ್ಗೆ ಫೋನಿನಲ್ಲಿ ಬಂತು. ಮಣ್ಣು ಮುಗಿಸಿ ಮನೆಗೆ ಬಂದ ಮೇಲೆ ಅವ್ವ ಕಟ್ಟೆಯ ಮೇಲೆ ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹಳ್ಳಕ್ಕ ಹೋಗೂದಿತ್ತಂದ್ರ ನನಗ ಮೊದಲನೇ ಗುರುವಾರನ ಗೊತ್ತಾಗತಿತ್ತು ನೋಡ, ಆಕೀಗೆ ಆರಾಮಿಲ್ಲಂತ."

ಆ ಮಾತಿಗೆ ಯಾರ ಮೇಲೆ ಸಿಟ್ಟಾಗಬೇಕೋ ನನಗೆ ತಿಳಿಯಲಿಲ್ಲ.